ಯಂತ್ರದ ಭೂತ ನ್ಯಾಯವಾಗಿ ಆಡುತ್ತದೆಯೆ?

ಕೊಚ್ಚಿಯ ಕಾಕ್ಕನಾಡಿನಲ್ಲಿಯೋ ತಿರುವನಂತಪುರದ ಕಳಕ್ಕೂಟ್ಟದಲ್ಲಿಯೋ ಉದ್ಯೋಗನಿಮಿತ್ತ ನೆಲೆಸಿರುವ ಕನ್ನಡ ಕುಟುಂಬಗಳ ಹಿರಿಯರಿಗೆ, ರಾತ್ರಿ ಹತ್ತು ಗಂಟೆಯ ಮೇಲೆ ಒಳಕೋಣೆಯಿಂದ ಕೇಳಿಬರುವ ಒಂದು ಉದ್ಗಾರ ಚಿರಪರಿಚಿತವಾದುದು: "ಮೋಸ! ನಾನಿಲ್ಲಿ ಅಡಗಿದ್ದೇನೆಂದು ಅದಕ್ಕೆ ಹೇಗೆ ತಿಳಿಯಿತು?" ಮಗನೋ ಮಗಳೋ ಕಂಪ್ಯೂಟರಿನ ಪರದೆಯ ಮುಂದೆ ಕುಳಿತು, ಕತ್ತಲೆ ಕವಿದ ಯಾವುದೋ ಮಾಳಿಗೆಯ ಬೀರುವಿನೊಳಗೆ ಉಸಿರು ಬಿಗಿಹಿಡಿದು ಅವಿತಿರುತ್ತಾರೆ, ಹೊರಗೆ ಒಂದು ಪಿಶಾಚಿ ಅಡ್ಡಾಡುತ್ತಿರುತ್ತದೆ, ಥಟ್ಟನೆ ಬಾಗಿಲು ತೆರೆದುಕೊಳ್ಳುತ್ತದೆ. "ಯಂತ್ರದೊಡನೆ ಎಂಥ ನ್ಯಾಯ, ಸುಮ್ಮನೆ ಮಲಗಿಕೋ" ಎಂಬುದು ತಾಯಂದಿರ ಸಾಮಾನ್ಯ ಉತ್ತರ. ಅಲ್ಲಿಗೆ ಚರ್ಚೆ ಮುಗಿಯುತ್ತದೆ.

ಆದರೆ ಮಕ್ಕಳ ಈ ದೂರು ಬಾಲಿಶವೆಂದು ತಳ್ಳಿಹಾಕತಕ್ಕದ್ದಲ್ಲ. ವಿಡಿಯೋ ಆಟಗಳಲ್ಲಿ ಭಯಾನಕ ರಸವನ್ನೇ ಬಂಡವಾಳವಾಗಿ ಉಳ್ಳ ಒಂದು ದೊಡ್ಡ ವರ್ಗವಿದೆ. ಅಲ್ಲಿ ಆಟಗಾರನನ್ನು ಹುಡುಕಿ ಬೆನ್ನಟ್ಟುವ ವೈರಿಯನ್ನು ನಡೆಸುವುದು ಕೃತಕ ಬುದ್ಧಿಮತ್ತೆ. ಇಂದು ಪತ್ರಿಕೆಗಳಲ್ಲಿ ಈ ಹೆಸರಿನಿಂದ ಸುದ್ದಿಯಾಗುತ್ತಿರುವ, ಪ್ರಶ್ನೆಗೆ ಉತ್ತರ ಬರೆದುಕೊಡುವ ಯಂತ್ರಗಳಿಗಿಂತ ಇದು ಬಹಳ ಸರಳವಾದುದು. "ಸದ್ದು ಕೇಳಿದರೆ ಅತ್ತ ನಡೆ, ಕಂಡರೆ ಓಡು, ಕಾಣದಿದ್ದರೆ ಹುಡುಕು" ಎಂಬಂಥ ಆಜ್ಞೆಗಳ ಹೆಣಿಗೆ. ಈ ವೈರಿ ತನ್ನ ಕಣ್ಣುಕಿವಿಗಳನ್ನು ಮಾತ್ರ ನಂಬಿ ಆಡುತ್ತದೆಯೋ, ಗುಟ್ಟಾಗಿ ಎಲ್ಲವನ್ನೂ ತಿಳಿದುಕೊಂಡು ಹುಡುಕುವಂತೆ ನಟಿಸುತ್ತದೆಯೋ? ಆಡುವವನ ಹೃದಯದ ಬಡಿತಕ್ಕೂ ಅವನ ಆ ರಾತ್ರಿಯ ನಿದ್ರೆಗೂ ಈ ಪ್ರಶ್ನೆಯೊಡನೆ ಹೊರನೋಟಕ್ಕೆ ತೋರುವುದಕ್ಕಿಂತ ನಿಕಟವಾದ ಸಂಬಂಧವಿದೆ.

ಯಕ್ಷಿಗೂ ಕಟ್ಟುಪಾಡು

ಕೇರಳದ ನೆಲದಲ್ಲಿ ಭಯದ ಕಥೆಗಳಿಗೆ ಬರವಿಲ್ಲ. ಕೊಟ್ಟಾರತ್ತಿಲ್ ಶಂಕುಣ್ಣಿ ಅವರು 1909ರಿಂದ ಮೊದಲ್ಗೊಂಡು ಎಂಟು ಸಂಪುಟಗಳಲ್ಲಿ ಹೊರತಂದ 'ಐತಿಹ್ಯಮಾಲ'ದಲ್ಲಿ ಕಡಮಟ್ಟತ್ತು ಕತ್ತನಾರ್ ಎಂಬ ಮಂತ್ರವಾದಿ ಪಾದ್ರಿಯ ವೃತ್ತಾಂತ ಬರುತ್ತದೆ. ಕಡಮಟ್ಟಂ ಇಂದಿನ ಎರ್ನಾಕುಲಂ ಜಿಲ್ಲೆಯ ಊರು. ಕೊಚ್ಚಿಯಿಂದ ಮೂವಾಟ್ಟುಪುಳಕ್ಕೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಅವನು ಎದುರಿಸಿದ ಯಕ್ಷಿಯಾದರೋ ದಕ್ಷಿಣದವಳು; ತಿರುವನಂತಪುರ ಮತ್ತು ಪದ್ಮನಾಭಪುರಗಳ ನಡುವಣ ಕಾಡುದಾರಿ ಅವಳ ನೆಲೆ. ಸುಂದರ ತರುಣಿಯ ರೂಪದಲ್ಲಿ ನಿಂತು ದಾರಿಹೋಕನನ್ನು ವೀಳ್ಯಕ್ಕೆ ಸುಣ್ಣ ಬೇಡುವಳು. ಮರುಳಾಗಿ ಕೊಟ್ಟವನ ಕಥೆ ಅಲ್ಲಿಗೆ ಮುಗಿಯಿತು. ಕತ್ತನಾರನು ಅವಳನ್ನು ಕಬ್ಬಿಣದ ಮೊಳೆಯಿಂದ ಬಂಧಿಸಿ ಕಾಯಂಕುಳದವರೆಗೆ ದಾಸಿಯಂತೆ ಕರೆತಂದನೆಂದೂ, ಅಲ್ಲಿ ಒಬ್ಬ ಮುದುಕಿ ಅರಿಯದೆ ಅವಳ ತಲೆಯಲ್ಲಿದ್ದ ಮೊಳೆಯನ್ನು ಕಿತ್ತುದರಿಂದ ಅವಳು ತಪ್ಪಿಸಿಕೊಂಡಳೆಂದೂ ಕಥೆ ಮುಂದುವರಿಯುತ್ತದೆ.

ಇಲ್ಲಿ ಗಮನಿಸಬೇಕಾದುದು ಯಕ್ಷಿಯ ಶಿಸ್ತು. ಅವಳು ಸುಣ್ಣ ಕೇಳದೆ ಮೈಮೇಲೆ ಬೀಳುವುದಿಲ್ಲ. ಕೇಳಿದಳೆಂದರೆ ಅದೇ ಎಚ್ಚರಿಕೆ. ಕಬ್ಬಿಣ ಅವಳನ್ನು ಕಟ್ಟುತ್ತದೆ. ಕಬ್ಬಿಣ ಹೋದರೆ ಕಟ್ಟು ಹೋಯಿತು. ಅವಳ ಬಲ ಮನುಷ್ಯನ ಬಲಕ್ಕಿಂತ ನೂರ್ಮಡಿಯಿದ್ದರೂ, ಕಥೆಯನ್ನು ಕೇಳಿ ಬಲ್ಲವನಿಗೆ ಒಂದು ದಾರಿ ಉಳಿದೇ ಇರುತ್ತದೆ. ಕಾಸರಗೋಡು, ಮಂಜೇಶ್ವರಗಳ ಕಡೆಯವರಿಗೆ ಇದನ್ನು ವಿವರಿಸಬೇಕಾದುದೇ ಇಲ್ಲ. ಅಲ್ಲಿನ ಭೂತಗಳು ನುಡಿ ಕೊಡುತ್ತವೆ, ಊರಿನ ವ್ಯಾಜ್ಯಗಳನ್ನು ತೀರ್ಮಾನಿಸುತ್ತವೆ. ಕೊಟ್ಟ ನುಡಿಗೆ ತಾವೂ ಬದ್ಧವಾಗಿರುತ್ತವೆ. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಸುಣ್ಣದಲ್ಲಿಯೋ ಸೀಮೆಸುಣ್ಣದಲ್ಲಿಯೋ 'ನಾಳೆ ಬಾ' ಎಂದು ಬರೆದಿದ್ದವರ ನಂಬಿಕೆಯೂ ಇದೇ: ಭೂತಕ್ಕೆ ಓದಲು ಬರುತ್ತದೆ, ಓದಿದ ಮಾತನ್ನು ಅದು ಮನ್ನಿಸುತ್ತದೆ! ಕನ್ನಡ ಓದಲು ಬರುವ ಭೂತವೆಂಬುದೇ ನಮಗೊಂದು ಹೆಮ್ಮೆಯ ಸಂಗತಿಯಾಗಿರಬೇಕು.

ಇದಕ್ಕೆ ವ್ಯತಿರಿಕ್ತವಾದ ಚಿತ್ರವೂ ಕೇರಳದಿಂದಲೇ ಬಂದಿದೆ. ರಾಹುಲ್ ಸದಾಶಿವನ್ ಅವರು ನಿರ್ದೇಶಿಸಿ, ಮಮ್ಮೂಟ್ಟಿಯವರು ನಟಿಸಿದ 'ಭ್ರಮಯುಗಂ' 2024ರಲ್ಲಿ ತೆರೆಕಂಡ ಕಪ್ಪುಬಿಳುಪು ಚಿತ್ರ. ದಾರಿ ತಪ್ಪಿ ಬಂದ ಹಾಡುಗಾರನೊಬ್ಬನನ್ನು ಹಾಳುಬಿದ್ದ ಮನೆಯ ಯಜಮಾನನು ಪಗಡೆಗೆ ಕೂರಿಸುತ್ತಾನೆ. ಪಣವಾಗಿ ಒಡ್ಡಬೇಕಾದುದು ಹಣವಲ್ಲ, ತನ್ನ ಬದುಕಿನ ಕಾಲ. ಮನೆ ಯಜಮಾನನದು, ದಾಳ ಯಜಮಾನನದು, ಆಟ ನಿಲ್ಲಿಸುವ ಅಧಿಕಾರವೂ ಅವನದೇ. ಶಕುನಿಯ ದಾಳವನ್ನು ಬಲ್ಲ ಕನ್ನಡ ವಾಚಕನಿಗೆ ಈ ದೃಶ್ಯ ಹುಟ್ಟಿಸುವ ಅಸಮಾಧಾನ ಯಕ್ಷಿಯ ಕಥೆ ಹುಟ್ಟಿಸುವ ಭಯದಿಂದ ಬೇರೆ ಜಾತಿಯದು. ಮೊದಲನೆಯದರಲ್ಲಿ ತಪ್ಪಿಸಿಕೊಳ್ಳುವ ಉಪಾಯಕ್ಕಾಗಿ ಮನಸ್ಸು ಚುರುಕಾಗುತ್ತದೆ. ಎರಡನೆಯದರಲ್ಲಿ ಕೈಕಾಲು ಸೋಲುತ್ತವೆ. ವಿಡಿಯೋ ಆಟಗಳ ವೈರಿ ಈ ಎರಡರಲ್ಲಿ ಯಾರ ವಂಶಕ್ಕೆ ಸೇರಿದುದೆಂಬುದೇ ನಮ್ಮ ಪ್ರಶ್ನೆ.

ಕಣ್ಣಾಮುಚ್ಚಾಲೆಯ ಅಜ್ಜಿ

ಆಟದ ಯಂತ್ರಗಳ ಇತಿಹಾಸದಲ್ಲಿ ಮೊದಲಿಗೆ ಜಗತ್ಪ್ರಸಿದ್ಧವಾದ ಭೂತಗಳು ನಾಲ್ಕು. 1980ರಲ್ಲಿ ಜಪಾನಿನ ನಾಮ್ಕೋ ಸಂಸ್ಥೆಯ ತೋರು ಇವಾತಾನಿ ಅವರು ರೂಪಿಸಿದ 'ಪ್ಯಾಕ್-ಮ್ಯಾನ್' ಆಟದಲ್ಲಿ ಹಳದಿ ಬಿಲ್ಲೆಯೊಂದು ಓಣಿಗಳಲ್ಲಿ ಚುಕ್ಕೆಗಳನ್ನು ನುಂಗುತ್ತ ಓಡುತ್ತದೆ. ಬಣ್ಣಬಣ್ಣದ ನಾಲ್ಕು ಭೂತಗಳು ಅಟ್ಟಿಬರುತ್ತವೆ. ಇವು ನೋಡುವುದೂ ಇಲ್ಲ, ಕೇಳುವುದೂ ಇಲ್ಲ. ಬಿಲ್ಲೆ ಎಲ್ಲಿದೆಯೆಂಬುದು ಅವುಗಳಿಗೆ ಸದಾ ಗೊತ್ತು. ಹಾಗೆ ನೋಡಿದರೆ ಇದು ಶುದ್ಧ ಕಳ್ಳಾಟ. ಆದರೂ ಯಾರೂ ಅದನ್ನು ಮೋಸವೆನ್ನಲಿಲ್ಲ. ಕಾರಣವೇನೆಂದರೆ ಒಂದೊಂದು ಭೂತಕ್ಕೂ ಒಂದೊಂದು ಸ್ವಭಾವ. ಕೆಂಪು ಭೂತ ನೇರವಾಗಿ ಬೆನ್ನಟ್ಟುತ್ತದೆ. ಗುಲಾಬಿ ಭೂತ ಬಿಲ್ಲೆಯ ಮುಂದಿನ ನಾಲ್ಕನೆಯ ಮನೆಗೆ ಗುರಿಯಿಟ್ಟು ಅಡ್ಡಗಟ್ಟುತ್ತದೆ. ಕಿತ್ತಳೆ ಭೂತ ಹತ್ತಿರ ಬಂದೊಡನೆ ಹಿಂಜರಿದು ತನ್ನ ಮೂಲೆಗೆ ಓಡುತ್ತದೆ. ನಡುನಡುವೆ ನಾಲ್ಕೂ ಬೆನ್ನಟ್ಟುವುದನ್ನು ನಿಲ್ಲಿಸಿ ಚೆದರಿ, ಆಟಗಾರನಿಗೆ ಕೆಲವು ಕ್ಷಣಗಳ ಬಿಡುವು ಕೊಡುತ್ತವೆ. ಈ ಸ್ವಭಾವ ಎಂದಿಗೂ ಬದಲಾಗುವುದಿಲ್ಲ. ಎರಡು ವಾರ ಆಡಿದ ಹುಡುಗನಿಗೆ ಅದು ಕೈವಶವಾಗುತ್ತದೆ.

ಮೂವತ್ತನಾಲ್ಕು ವರ್ಷಗಳ ಅನಂತರ, 2014ರ ಅಕ್ಟೋಬರಿನಲ್ಲಿ, ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ ಸಂಸ್ಥೆ 'ಏಲಿಯನ್: ಐಸೊಲೇಷನ್' ಎಂಬ ಆಟವನ್ನು ಹೊರತಂದಿತು. ರಿಡ್ಲಿ ಸ್ಕಾಟ್ ಅವರ 1979ರ ಚಲನಚಿತ್ರವನ್ನು ಆಧರಿಸಿದ ಕಥೆ. ಪಾಳುಬಿದ್ದ ಅಂತರಿಕ್ಷ ನಿಲ್ದಾಣ, ಒಂಟಿ ಹೆಣ್ಣುಮಗಳು, ಕೊಲ್ಲಲಾಗದ ಒಂದು ಪ್ರಾಣಿ. ಈ ಪ್ರಾಣಿಯ ನ್ಯಾಯಾನ್ಯಾಯದ ಬಗೆಗೆ ಆಟಗಾರರಲ್ಲಿ ನಡೆದಷ್ಟು ವಾದ ಬೇರಾವ ಆಟದ ವೈರಿಯ ಬಗೆಗೂ ನಡೆದಿರಲಾರದು. ಅದರ ಒಳಗುಟ್ಟನ್ನು ನಮ್ಮ ಹಳ್ಳಿಯ ಕಣ್ಣಾಮುಚ್ಚಾಲೆಯಿಂದ ವಿವರಿಸುವುದು ಸುಲಭ.

ಕಣ್ಣಾಮುಚ್ಚಾಲೆಯಲ್ಲಿ ಅಜ್ಜಿಯಾಗಿ ಕುಳಿತವರು ಹುಡುಕುವವನ ಕಣ್ಣು ಮುಚ್ಚುತ್ತಾರೆ. ಯಾರು ಹಿತ್ತಲಿಗೆ ಓಡಿದರು, ಯಾರು ಕಣಜದ ಹಿಂದೆ ಅವಿತರು ಎಂಬುದೆಲ್ಲ ಅಜ್ಜಿಗೆ ಕಾಣುತ್ತಿರುತ್ತದೆ, ಹುಡುಕುವವನಿಗೆ ಕಾಣದು. 'ಏಲಿಯನ್' ಆಟದಲ್ಲಿಯೂ ಹೀಗೆಯೇ ಎರಡು ಬುದ್ಧಿಗಳಿವೆ. ನಿರ್ದೇಶಕನೆಂಬ ಮೇಲಿನ ಬುದ್ಧಿ ಅಜ್ಜಿಯ ಸ್ಥಾನದಲ್ಲಿದೆ. ಆಟಗಾರ ಎಲ್ಲಿದ್ದಾನೆಂಬುದು ಅದಕ್ಕೆ ಯಾವಾಗಲೂ ಗೊತ್ತು. ಪ್ರಾಣಿಯನ್ನು ನಡೆಸುವ ಕೆಳಗಿನ ಬುದ್ಧಿಗೆ ಅದು ಗೊತ್ತಿಲ್ಲ. ತನ್ನ ದೃಷ್ಟಿಯ ವ್ಯಾಪ್ತಿಗೆ ಬಿದ್ದುದನ್ನು ನೋಡಿ, ಹೆಜ್ಜೆಯ ಸಪ್ಪಳ ಆಲಿಸಿ ಅದು ಹುಡುಕಬೇಕು. ಅಜ್ಜಿ ಆಗಾಗ "ಹಿತ್ತಲ ಕಡೆ ಒಮ್ಮೆ ನೋಡಿ ಬಾ" ಎಂದಷ್ಟೇ ಸೂಚಿಸುತ್ತಾಳೆ. "ಬೀರುವಿನಲ್ಲಿದ್ದಾನೆ" ಎಂದು ಎಂದೂ ಹೇಳುವುದಿಲ್ಲ. ಪ್ರಾಣಿ ಆ ಭಾಗಕ್ಕೆ ಬಂದು ತಾನಾಗಿ ಕಂಡುಹಿಡಿದರೆ ಆಟಗಾರ ಸತ್ತ, ಇಲ್ಲದಿದ್ದರೆ ಉಳಿದ.

ಅಜ್ಜಿಗೆ ಮತ್ತೊಂದು ಕೆಲಸವೂ ಉಂಟು. ಆಟಗಾರನಿಗೆ ಪ್ರಾಣಿ ಎಷ್ಟು ಸಮೀಪದಲ್ಲಿದೆ, ಕಣ್ಣಿಗೆ ಎಷ್ಟು ಹೊತ್ತಿನಿಂದ ಬೀಳುತ್ತಿದೆ, ಕೈಯಲ್ಲಿರುವ ಚಲನಸೂಚಕ ಉಪಕರಣದಲ್ಲಿ ಎಷ್ಟು ಹೊತ್ತು ಮಿಡಿಯುತ್ತಿದೆ ಎಂಬುದನ್ನೆಲ್ಲ ಕೂಡಿಸಿ ಒಂದು ಬೆದರಿಕೆಯ ಅಳತೆಯನ್ನು ಅವಳು ಇಟ್ಟುಕೊಂಡಿರುತ್ತಾಳೆ. ಆ ಅಳತೆ ತುಂಬಿತೆಂದರೆ ಪ್ರಾಣಿಯನ್ನು ಹಿಂದಕ್ಕೆ ಕರೆದು, ಮೇಲಿನ ಗಾಳಿಕೊಳವೆಗಳಿಗೆ ಅಟ್ಟುತ್ತಾಳೆ. ಇನ್ನೊಂದು ಕ್ಷಣದಲ್ಲಿ ಸಿಕ್ಕಿಬೀಳುತ್ತಿದ್ದವನು ಬದುಕಿಕೊಂಡು, "ನನ್ನ ಜಾಣ್ಮೆಯಿಂದ ಪಾರಾದೆ" ಎಂದು ಬೀಗುತ್ತಾನೆ. ಪಾಪ, ಅವನನ್ನು ಪಾರುಮಾಡಿದ್ದು ಅಜ್ಜಿ.

ಹಾಗಾದರೆ ಇದು ಕಳ್ಳಾಟವೆ? ಹೌದು, ಎರಡು ಬಗೆಯ ಕಳ್ಳಾಟ: ಒಂದು ಆಟಗಾರನಿಗೆ ವಿರುದ್ಧವಾಗಿ, ಇನ್ನೊಂದು ಅವನ ಪರವಾಗಿ. ಮಕ್ಕಳ ದೂರಿನಲ್ಲಿ ಮೊದಲನೆಯದು ಮಾತ್ರ ಕೇಳಿಬರುವುದು ಮನುಷ್ಯ ಸ್ವಭಾವಕ್ಕೆ ಅನುಗುಣವಾಗಿಯೇ ಇದೆ. ಎಷ್ಟು ದೂರ ಓಡಿದರೂ ಪ್ರಾಣಿ ತನ್ನ ಸುತ್ತಲೇ ಸುಳಿಯುತ್ತದೆಯೆಂಬ ಅವರ ಅನುಭವ ಸುಳ್ಳಲ್ಲ; ಆ ಸುಳಿದಾಟ ಅಜ್ಜಿಯ ಸೂಚನೆಯ ಫಲ. ಆದರೆ ಪ್ರಾಣಿ ಬರುವ ಮೊದಲು ಕೊಳವೆಯಲ್ಲಿ ಸದ್ದಾಗುತ್ತದೆ. ಸೂರಿನಲ್ಲಿ ರಂಧ್ರವಿದ್ದು ಅದರಿಂದ ಜೊಲ್ಲು ಸುರಿಯುತ್ತಿದ್ದರೆ ಕೆಳಗೆ ನಿಲ್ಲಬಾರದೆಂದು ಬುದ್ಧಿವಂತನು ಕಲಿಯುತ್ತಾನೆ. ಬೆಂಕಿಯುಗುಳುವ ಆಯುಧದಿಂದ ಪ್ರಾಣಿಯನ್ನು ಹೆದರಿಸಬಹುದಾದರೂ ಪದೇಪದೇ ಹೆದರಿಸಿದರೆ ಅದರ ಹೆದರಿಕೆ ಕಡಿಮೆಯಾಗುತ್ತದೆಂದು ತಿಳಿಯುತ್ತಾನೆ. ಇವು ಯಕ್ಷಿಯು ಸುಣ್ಣ ಕೇಳಿದಂತೆ. ಆಟ ಪ್ರಕಟವಾದ ಮೇಲೆ ಸೇರಿಸಿದ ಅತಿ ಕಠಿಣ ಶ್ರೇಣಿಯೊಂದರಲ್ಲಿ ಚಲನಸೂಚಕ ಉಪಕರಣವೇ ಕೆಟ್ಟುಹೋದಂತೆ ವರ್ತಿಸುತ್ತದೆ. ಅದನ್ನು ಆರಿಸಿಕೊಳ್ಳುವವನು ತಿಳಿದೇ ಆರಿಸಿಕೊಂಡಿರುತ್ತಾನಾದ್ದರಿಂದ ಅದರ ಬಗೆಗೆ ದೂರಿಗೆ ಎಡೆಯಿಲ್ಲ.

ಪರವಾದ ಕಳ್ಳಾಟಗಳು ಎಣಿಕೆಯಿಲ್ಲದಷ್ಟಿವೆ. 2005ರ 'ರೆಸಿಡೆಂಟ್ ಈವಿಲ್ 4' ಆಟದಲ್ಲಿ ಪದೇಪದೇ ಸೋತವನಿಗೆ ವೈರಿಗಳ ಉಗ್ರತೆಯನ್ನು ಯಂತ್ರವು ಸದ್ದಿಲ್ಲದೆ ತಗ್ಗಿಸುತ್ತದೆ. 2007ರ 'ಬಯೋಶಾಕ್' ಆಟದಲ್ಲಿ ವೈರಿಯ ಮೊದಲ ಗುಂಡು ಬೇಕೆಂದೇ ಗುರಿ ತಪ್ಪುವಂತೆ ಮಾಡಲಾಗಿತ್ತು. ಎಲ್ಲಿಂದ ಗುಂಡು ಬಂತೆಂದು ನೋಡಿಕೊಳ್ಳಲು ಆಟಗಾರನಿಗೆ ಅದೊಂದು ಅವಕಾಶ. 2008ರ 'ಲೆಫ್ಟ್ ಫೋರ್ ಡೆಡ್' ಆಟದ ನಿರ್ದೇಶಕ ಬುದ್ಧಿ ಆಟಗಾರರ ಉದ್ವೇಗವನ್ನು ಅಂದಾಜುಮಾಡಿ, ಅದು ತುತ್ತತುದಿಗೇರಿದ ಮೇಲೆ ಪ್ರೇತಗಳ ದಂಡನ್ನು ತಡೆಹಿಡಿದು ತುಸು ವಿಶ್ರಾಂತಿ ಕೊಡುತ್ತದೆ. ನಮ್ಮ ಬಯಲಾಟದ ಭಾಗವತರು ರಾಕ್ಷಸನ ಆರ್ಭಟದ ಅನಂತರ ಹಾಸ್ಯಗಾರನನ್ನು ಒಳಬಿಡುವುದಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ಇವೆಲ್ಲಕ್ಕಿಂತ ವಿಚಿತ್ರವಾದುದು 2017ರಲ್ಲಿ ಕೇಂಬ್ರಿಜ್‌ನ ನಿಂಜಾ ಥಿಯರಿ ಸಂಸ್ಥೆಯಿಂದ ಬಂದ 'ಹೆಲ್‌ಬ್ಲೇಡ್'. ಚಿತ್ತವಿಕಾರದಿಂದ ಬಳಲುವ, ಇಲ್ಲದ ದನಿಗಳು ಕಿವಿಗೆ ಕೇಳಿಸುವ ತರುಣಿಯೊಬ್ಬಳ ಕಥೆ ಇದು. ಕೇಂಬ್ರಿಜ್ ವಿಶ್ವವಿದ್ಯಾಲಯದ ಮನೋವೈದ್ಯ ಪಾಲ್ ಫ್ಲೆಚರ್ ಅವರ ಸಲಹೆಯಿಂದಲೂ, ಅಂಥ ಅನುಭವವುಳ್ಳ ರೋಗಿಗಳ ನೆರವಿನಿಂದಲೂ ರಚಿತವಾದುದು. ಇದರ ಆರಂಭದಲ್ಲಿ ಆಟಗಾರನಿಗೆ ಒಂದು ಎಚ್ಚರಿಕೆ ಬರುತ್ತದೆ: ಪ್ರತಿ ಸೋಲಿನೊಡನೆ ನಾಯಕಿಯ ಕೈಯ ಕಪ್ಪು ಕೊಳೆತ ಮೇಲೇರುತ್ತದೆ, ತಲೆಯನ್ನು ಮುಟ್ಟಿದರೆ ಅದುವರೆಗಿನ ಆಟವೆಲ್ಲ ಅಳಿಸಿಹೋಗುತ್ತದೆ. ಆಟಗಾರರು ಕೈನಡುಗುತ್ತ ಆಡಿದರು. ಆದರೆ ಪರೀಕ್ಷಿಸಿ ನೋಡಿದವರಿಗೆ ತಿಳಿದ ಸಂಗತಿಯೆಂದರೆ, ಎಷ್ಟು ಬಾರಿ ಸೋತರೂ ಏನೂ ಅಳಿಸಿಹೋಗುವುದಿಲ್ಲ. ಬೆದರಿಕೆಯೇ ಸುಳ್ಳು. ಕೆಲವರು ಇದನ್ನು ಕಲೆಯೆಂದು ಹೊಗಳಿದರು. ನಾಯಕಿಯ ಮನಸ್ಸಿನ ಸುಳ್ಳು ದನಿಗಳಂತೆ ಇದೂ ಒಂದು ದನಿಯೆಂದರು. ಆ ವಾದ ಚತುರವಾದುದೇ ಸರಿ. ಆದರೂ ಉದ್ವೇಗದ ಪ್ರಕೃತಿಯುಳ್ಳ ಎಳೆಯನೊಬ್ಬನಿಗೆ ವಾರಗಟ್ಟಲೆ ಆಧಾರವಿಲ್ಲದ ಭಯವನ್ನು ಹೊರಿಸುವುದು ವೈದ್ಯದೃಷ್ಟಿಯಿಂದ ಒಪ್ಪತಕ್ಕದ್ದೆಂದು ತೋರುವುದಿಲ್ಲ.

ಮನೋವಿಕಾರವನ್ನು ಭಯಾನಕ ಕಥೆಯ ತಿರುಳಾಗಿಸಿಕೊಂಡೂ ಮೋಸವಿಲ್ಲದೆ ನಡೆಸಿದ ಉದಾಹರಣೆ ನಮ್ಮ ಸಮೀಪದಲ್ಲಿಯೇ ಇದೆ. ಫಾಜಿಲ್ ಅವರ 1993ರ 'ಮಣಿಚಿತ್ರತ್ತಾಳ್' ಚಿತ್ರದ ಹಳೆಯ ಮನೆಯ ದೃಶ್ಯಗಳು ಕೊಚ್ಚಿಯ ಪಕ್ಕದ ತೃಪ್ಪೂಣಿತ್ತುರದ ಹಿಲ್ ಪ್ಯಾಲೆಸ್ಸಿನಲ್ಲಿಯೂ, ತಿರುವನಂತಪುರದ ದಕ್ಷಿಣಕ್ಕಿರುವ ಪದ್ಮನಾಭಪುರದ ಅರಮನೆಯಲ್ಲಿಯೂ ತೆಗೆದವು. ಕನ್ನಡಿಗರಿಗೆ ಈ ಕಥೆ 2004ರ 'ಆಪ್ತಮಿತ್ರ'ದಿಂದ ಸುಪರಿಚಿತ. ವಿಷ್ಣುವರ್ಧನ್ ಅವರು ಮನೋವೈದ್ಯರಾಗಿಯೂ, ದಿವಂಗತ ಸೌಂದರ್ಯ ಅವರು ಗಂಗೆಯಾಗಿಯೂ ಅಭಿನಯಿಸಿದ್ದರು. ಮೊದಲ ಬಾರಿ ನೋಡುವಾಗ ಪ್ರೇಕ್ಷಕನು ನಾಗವಲ್ಲಿಯ ಪ್ರೇತವಿದೆಯೆಂದು ನಂಬುತ್ತಾನೆ. ಎರಡನೆಯ ಬಾರಿ ನೋಡುವಾಗ, ರೋಗದ ಒಂದೊಂದು ಸೂಚನೆಯನ್ನೂ ನಿರ್ದೇಶಕರು ಮೊದಲಿನಿಂದಲೇ ಅವನ ಕಣ್ಣೆದುರಿಗೆ ಇಟ್ಟಿದ್ದರೆಂದು ಕಂಡು ಬೆರಗಾಗುತ್ತಾನೆ. ಹೆದರಿದವನಿಗೆ ಮೋಸಹೋದೆನೆಂಬ ಕಹಿ ಉಳಿಯುವುದಿಲ್ಲ. ಈ ಚಿತ್ರವನ್ನು ಮತ್ತೆ ಮತ್ತೆ ನೋಡುವವರಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಶರೀರದ ಲೆಕ್ಕ

ಪರದೆಯ ಮೇಲಿನ ಪಿಶಾಚಿ ಸುಳ್ಳೆಂದು ಬುದ್ಧಿಗೆ ಗೊತ್ತಿದ್ದರೂ ಶರೀರಕ್ಕೆ ಆ ವಿವೇಚನೆ ತಡವಾಗಿ ಬರುತ್ತದೆ. ಮಿದುಳಿನ ಆಳದಲ್ಲಿ ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗವಿದೆ. ಅಪಾಯದ ಸುಳಿವು ಸಿಕ್ಕೊಡನೆ ಅದು ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಅನುವೇದನಾ ನರವ್ಯೂಹ ಕೆರಳುತ್ತದೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ರಸ ರಕ್ತಕ್ಕೆ ಸೇರುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಅಂಗೈ ಬೆವರುತ್ತದೆ. ಓಡಲು ಅಥವಾ ಹೋರಾಡಲು ಇಷ್ಟೆಲ್ಲ ಸಿದ್ಧತೆ ನಡೆದರೂ ಹುಡುಗ ಕುರ್ಚಿಯಲ್ಲಿಯೇ ಕುಳಿತಿರುತ್ತಾನೆ. ಭಯ ಕಳೆದೊಡನೆ ಈ ಉಬ್ಬರ ಇಳಿಯುತ್ತದೆ. ಆರೋಗ್ಯವಂತ ಶರೀರಕ್ಕೆ ಇದರಿಂದ ಹಾನಿಯಿಲ್ಲ. ಉಬ್ಬರ ಇಳಿಯಲು ಅವಕಾಶವೇ ಸಿಗದಿದ್ದಾಗ ತೊಂದರೆ ಆರಂಭವಾಗುತ್ತದೆ.

ಆಟದ ನ್ಯಾಯಕ್ಕೂ ಶರೀರಕ್ಕೂ ಇರುವ ಸಂಬಂಧ ಇಲ್ಲಿ ಗೋಚರವಾಗುತ್ತದೆ. ಸುಮಾರು 1970ರ ವೇಳೆಗೆ ಅಮೆರಿಕದ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೇ ವೈಸ್ ಎಂಬ ವಿಜ್ಞಾನಿ ಇಲಿಗಳ ಮೇಲೆ ಪ್ರಯೋಗ ನಡೆಸಿದರು. ಎರಡು ಇಲಿಗಳಿಗೆ ಒಂದೇ ಪ್ರಮಾಣದ ವಿದ್ಯುತ್ ಆಘಾತ. ಒಂದಕ್ಕೆ ಆಘಾತಕ್ಕೆ ಮುಂಚೆ ಸೂಚನೆಯ ದನಿ ಕೇಳಿಸುತ್ತಿತ್ತು; ಇನ್ನೊಂದಕ್ಕೂ ದನಿ ಕೇಳಿಸುತ್ತಿತ್ತಾದರೂ ಅದಕ್ಕೂ ಆಘಾತಕ್ಕೂ ಸಂಬಂಧವಿರಲಿಲ್ಲ. ಆಘಾತ ಸಮಾನವಾಗಿದ್ದರೂ, ಮುನ್ಸೂಚನೆ ಇಲ್ಲದ ಇಲಿಯ ಜಠರದಲ್ಲಿ ಹುಣ್ಣುಗಳು ಬಹಳ ಹೆಚ್ಚಾಗಿ ಕಂಡುಬಂದವು. ಆಘಾತವನ್ನು ತಪ್ಪಿಸಿಕೊಳ್ಳುವ ಉಪಾಯವಿದ್ದ ಇಲಿಗಳೂ, ಅದಿಲ್ಲದ ಇಲಿಗಳಿಗಿಂತ ಆರೋಗ್ಯವಾಗಿದ್ದವು. ಇದೇ ಕಾಲದಲ್ಲಿ, 1967ರಲ್ಲಿ, ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೈಯರ್ ಅವರು ನಾಯಿಗಳಲ್ಲಿ ಕಂಡದ್ದು ಇನ್ನೂ ಮನಕಲಕುವಂಥದು. ಏನು ಮಾಡಿದರೂ ಆಘಾತ ನಿಲ್ಲದೆಂದು ಅನುಭವದಿಂದ ಕಂಡುಕೊಂಡ ನಾಯಿಗಳು, ಮುಂದೆ ತಪ್ಪಿಸಿಕೊಳ್ಳುವ ದಾರಿ ತೆರೆದಿದ್ದಾಗಲೂ ಏಳದೆ ಮಲಗಿಯೇ ಇದ್ದವು.

ಪ್ರಾಣಿಗಳ ಮೇಲಿನ ವಿದ್ಯುತ್ ಆಘಾತವನ್ನು ಮಕ್ಕಳ ಆಟಕ್ಕೆ ನೇರವಾಗಿ ಹೋಲಿಸುವುದು ಅತಿರೇಕವಾದೀತು. ಬೇಡವೆನಿಸಿದರೆ ಮಗು ಆಟವನ್ನು ನಿಲ್ಲಿಸಬಹುದು, ನಾಯಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಆದರೂ ಒಂದು ಅಂಶ ಗ್ರಾಹ್ಯವಾಗಿದೆ. ಭಯದ ಪ್ರಮಾಣ ಎಷ್ಟೆಂಬುದಕ್ಕಿಂತ, ಅದು ಹೇಳಿ ಬರುತ್ತದೆಯೆ, ಬಂದಾಗ ಮಾಡತಕ್ಕ ಉಪಾಯವಿದೆಯೆ ಎಂಬುದನ್ನು ಶರೀರ ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕೊಳವೆಯ ಸದ್ದು ಕೇಳಿ ಬೀರುವಿನಲ್ಲಿ ಅವಿತು ಪಾರಾದ ಹುಡುಗನಿಗೆ ಭಯದೊಡನೆ ಗೆಲುವಿನ ನೆಮ್ಮದಿಯೂ ದೊರೆಯುತ್ತದೆ. ಸೂಚನೆಯಿಲ್ಲದೆ, ಕಾರಣವಿಲ್ಲದೆ ಹತ್ತು ಬಾರಿ ಸತ್ತವನಿಗೆ ದೊರೆಯುವುದು ಸಿಟ್ಟು ಮತ್ತು ಬಳಲಿಕೆ. ಮಗುವಿನ "ಮೋಸ" ಎಂಬ ಕೂಗು ಅನೇಕ ವೇಳೆ ಈ ಎರಡನೆಯ ಸ್ಥಿತಿಯ ವರದಿ.

ಭಯದ ಪ್ರಮಾಣಕ್ಕೂ ಒಂದು ಹದವುಂಟು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ಭೂತದ ಮನೆಯೊಂದಕ್ಕೆ ಹಣ ತೆತ್ತು ಹೋದ 110 ಮಂದಿಯ ಹೃದಯಬಡಿತವನ್ನು ಅಳೆದು, 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತೀರ ಕಡಿಮೆ ಹೆದರಿದವರಿಗೂ ತೀರ ಹೆಚ್ಚು ಹೆದರಿದವರಿಗೂ ಸಂತೋಷ ಸಿಗಲಿಲ್ಲ, ನಡುವಿನವರಿಗೆ ಸಿಕ್ಕಿತು. ಅಡುಗೆಯಲ್ಲಿ ಖಾರದ ಹದ ಬಲ್ಲ ಗೃಹಿಣಿಯರಿಗೆ ಇದರಲ್ಲಿ ಹೊಸತೇನೂ ಕಾಣದಿರಬಹುದು. ಆದರೆ 'ಏಲಿಯನ್' ಆಟದ ಅಜ್ಜಿ ಪ್ರಾಣಿಯನ್ನು ಹಿಂದಕ್ಕೆ ಕರೆಯುವುದೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅವಳ ಕಳ್ಳಾಟ ಆಟಗಾರನನ್ನು ಆ ನಡುವಿನ ಹದದಲ್ಲಿ ಇಡುವ ಪ್ರಯತ್ನ.

ಈ ದಿಕ್ಕಿನಲ್ಲಿ ಮತ್ತೂ ಮುಂದೆ ಹೋದುದು 2015ರಲ್ಲಿ ಹೊರಬಂದ 'ನೆವರ್‌ಮೈಂಡ್'. ಅಮೆರಿಕದ ಎರಿನ್ ರೆನಾಲ್ಡ್ಸ್ ಅವರು ವಿದ್ಯಾರ್ಥಿನಿಯಾಗಿದ್ದಾಗ ಆರಂಭಿಸಿದ ಪ್ರಯೋಗ ಇದು. ಆಟಗಾರನ ನಾಡಿಬಡಿತವನ್ನು ಒಂದು ಉಪಕರಣ ಯಂತ್ರಕ್ಕೆ ತಿಳಿಸುತ್ತಿರುತ್ತದೆ. ಅವನು ಹೆದರಿದಷ್ಟೂ ಆಟ ಕಠಿಣವಾಗುತ್ತದೆ. ಅಡುಗೆಮನೆಯೊಂದರ ದೃಶ್ಯದಲ್ಲಿ ಹಾಲು ಉಕ್ಕಿ ಕೋಣೆಯನ್ನೇ ತುಂಬತೊಡಗುತ್ತದೆ. ದೀರ್ಘವಾಗಿ ಉಸಿರಾಡಿ ಮನಸ್ಸನ್ನು ಶಾಂತಗೊಳಿಸಿದರೆ ಹಾಲು ಇಳಿಯುತ್ತದೆ. ಆಟಗಾರನ ಎದೆಯ ಗುಟ್ಟನ್ನೇ ಕದ್ದು ಅವನ ಮೇಲೆ ಪ್ರಯೋಗಿಸುವ ವೈರಿಗಿಂತ ಅನ್ಯಾಯವಾದುದು ಉಂಟೆ ಎಂದು ಕೇಳಬಹುದು. ಆದರೆ ನಿಯಮವನ್ನು ಮೊದಲೇ ತಿಳಿಸಿರುವುದರಿಂದಲೂ, ಪರಿಹಾರ ಆಟಗಾರನ ಉಸಿರಿನಲ್ಲಿಯೇ ಇರುವುದರಿಂದಲೂ ಇದರಷ್ಟು ಪ್ರಾಮಾಣಿಕವಾದ ಭಯದ ಆಟ ವಿರಳ. ಪ್ರಾಣಾಯಾಮ ಬಲ್ಲ ಅಜ್ಜಂದಿರು ಇದರಲ್ಲಿ ಮೊಮ್ಮಕ್ಕಳನ್ನು ಸೋಲಿಸಿದರೂ ಸೋಲಿಸಬಹುದು.

ಮನೆಯವರು ಮಾಡಬಹುದಾದುದು

ತಿರುವನಂತಪುರದ ಟೆಕ್ನೋಪಾರ್ಕ್ 1990ರಲ್ಲಿಯೂ ಕೊಚ್ಚಿಯ ಇನ್ಫೋಪಾರ್ಕ್ 2004ರಲ್ಲಿಯೂ ಆರಂಭವಾದುವು. ಅನಿಮೇಷನ್, ವಿಡಿಯೋ ಆಟ ಮೊದಲಾದ ಉದ್ಯಮಗಳಿಗಾಗಿ ಕೇರಳ ಸರಕಾರವೂ ಕರ್ನಾಟಕ ಸರಕಾರವೂ 2024ರಲ್ಲಿ ನೀತಿಗಳನ್ನು ರೂಪಿಸಿವೆ. ಇಂಥ ಆಟಗಳನ್ನು ಆಡುವ ಮಕ್ಕಳಲ್ಲಿ ಕೆಲವರು ನಾಳೆ ಅವನ್ನು ರಚಿಸುವವರೂ ಆಗಬಹುದು. ಆದಕಾರಣ ಸಾರಾಸಗಟು ನಿಷೇಧಕ್ಕಿಂತ ಆಟದ ಬಗೆಯನ್ನು ಅರಿತುಕೊಳ್ಳುವುದು ಮೇಲು.

ಅದಕ್ಕೆ ಹಿರಿಯರು ತಾವೇ ಆಡಬೇಕೆಂದಿಲ್ಲ. ಒಂದು ಸಂಜೆ ಮಗುವಿನ ಪಕ್ಕದಲ್ಲಿ ಕುಳಿತು, "ಅದು ಬರುವುದು ನಿನಗೆ ಮೊದಲೇ ಹೇಗೆ ತಿಳಿಯುತ್ತದೆ? ಬಂದರೆ ಏನು ಮಾಡುತ್ತೀಯೆ?" ಎಂದು ಕೇಳಿದರೆ ಸಾಕು. ಮಗು ಉತ್ಸಾಹದಿಂದ ಹತ್ತು ಉಪಾಯಗಳನ್ನು ವಿವರಿಸತೊಡಗಿದರೆ ಆ ಭೂತಕ್ಕೆ ಕಟ್ಟುಪಾಡಿದೆಯೆಂದು ತಿಳಿಯಬಹುದು. "ಏನೂ ಮಾಡುವುದಕ್ಕಾಗದು, ಸುಮ್ಮನೆ ಸಾಯಿಸುತ್ತದೆ" ಎಂಬ ಉತ್ತರ ಬಂದರೆ, ಆಟವನ್ನು ಸುಲಭ ಶ್ರೇಣಿಗೆ ಇಳಿಸಿಕೊಳ್ಳಲು ಅಥವಾ ಬೇರೆ ಆಟ ಹಿಡಿಯಲು ಹೇಳಬೇಕು. ಸುಲಭ ಶ್ರೇಣಿಯನ್ನು ಆರಿಸುವುದು ಅವಮಾನವೆಂದು ಹುಡುಗರು ಭಾವಿಸುತ್ತಾರೆ. ಕಠಿಣ ಶ್ರೇಣಿಯಲ್ಲಿಯೂ ಯಂತ್ರವು ಎಷ್ಟೋ ಬಾರಿ ಗುಟ್ಟಾಗಿ ಅವರಿಗೆ ಬಿಟ್ಟುಕೊಡುತ್ತಿರುತ್ತದೆಂಬ ಸಂಗತಿಯನ್ನು ಆಗ ತಿಳಿಸಬಹುದು. ಅದನ್ನು ಕೇಳಿದವರ ಮುಖ ನೋಡತಕ್ಕದ್ದು!

ವೇಳೆಯ ವಿಷಯದಲ್ಲಿ ಮಾತ್ರ ಸಡಿಲ ಸಲ್ಲದು. ಅಡ್ರಿನಲಿನ್ನಿನ ಉಬ್ಬರದಲ್ಲಿರುವ ಶರೀರ ಹಾಸಿಗೆಗೆ ಹೋದೊಡನೆ ನಿದ್ರಿಸಲಾರದು. ಮಲಗುವ ವೇಳೆಗೆ ಒಂದು ಗಂಟೆಯಾದರೂ ಮೊದಲು ಇಂಥ ಆಟ ನಿಲ್ಲಬೇಕು. ಎಳೆಯ ಮಕ್ಕಳಿಗೆ ಕಲ್ಪನೆಗೂ ವಾಸ್ತವಕ್ಕೂ ನಡುವಣ ಗೆರೆ ಇನ್ನೂ ಗಟ್ಟಿಯಾಗಿರುವುದಿಲ್ಲವಾದ್ದರಿಂದ ಆಟದ ಹೊದಿಕೆಯ ಮೇಲೆ ಮುದ್ರಿತವಾಗಿರುವ ವಯೋಮಿತಿಯನ್ನು ಅಲಕ್ಷಿಸಬಾರದು. ಅಣ್ಣನು ಆಡುವುದನ್ನು ಬಾಗಿಲ ಸಂದಿಯಿಂದ ನೋಡುವ ತಂಗಿಯನ್ನೂ ಮರೆಯಬಾರದು. ಆಡುವವನ ಕೈಯಲ್ಲಿ ಓಡುವ, ಅಡಗುವ ಉಪಾಯವಾದರೂ ಇರುತ್ತದೆ. ಅವಳಿಗೆ ಬರಿಯ ಭಯ.

ಆಟದ ಮೇಲೆ ಹಿಡಿತ ತಪ್ಪಿ, ಊಟ, ಓದು, ಗೆಳೆತನಗಳೆಲ್ಲ ಹಿಂದೆ ಬಿದ್ದು, ಹಾನಿ ಕಣ್ಣಿಗೆ ಕಂಡರೂ ಆಟ ಮುಂದುವರಿಯುತ್ತಿದ್ದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆಯು ರೋಗವೆಂದೇ ಪರಿಗಣಿಸಿದೆ. 2019ರಲ್ಲಿ ಅಂಗೀಕೃತವಾದ ಅದರ ರೋಗಗಳ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಸಾಮಾನ್ಯವಾಗಿ ಈ ಲಕ್ಷಣಗಳು ಒಂದು ವರ್ಷ ಕಾಲ ಕಂಡುಬಂದ ಮೇಲೆ ಈ ನಿರ್ಣಯಕ್ಕೆ ಬರಲಾಗುತ್ತದೆ. ಅಲ್ಲಿಯವರೆಗೆ ಕಾಯುತ್ತ ಕೂರಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿಯೇ ಇದಕ್ಕಾಗಿ 'ಶಟ್' ಎಂಬ ಚಿಕಿತ್ಸಾಲಯವನ್ನು ತೆರೆಯಿತು. ಕೇರಳ ಪೊಲೀಸ್ ಇಲಾಖೆಯು 2023ರಲ್ಲಿ ತಿರುವನಂತಪುರ, ಕೊಚ್ಚಿ ಮೊದಲಾದ ನಗರಗಳಲ್ಲಿ ಮಕ್ಕಳಿಗಾಗಿ 'ಡಿ-ಡ್ಯಾಡ್' ಎಂಬ ಆಪ್ತಸಲಹಾ ಕೇಂದ್ರಗಳನ್ನು ಆರಂಭಿಸಿತು. ಪೊಲೀಸರೆಂಬ ಹೆಸರು ಕೇಳಿ ಹಿಂಜರಿಯಬೇಕಾದುದಿಲ್ಲ; ಅಲ್ಲಿ ಮಾತನಾಡಿಸುವವರು ಮನಶ್ಶಾಸ್ತ್ರ ಬಲ್ಲವರು. ಸಲಹೆಗಾರರನ್ನಾಗಲಿ ವೈದ್ಯರನ್ನಾಗಲಿ ಕಾಣುವಾಗ ಮಗು ದಿನಕ್ಕೆ ಎಷ್ಟು ಗಂಟೆ ಆಡುತ್ತದೆಂಬುದನ್ನು ಮಾತ್ರ ಹೇಳಿ ನಿಲ್ಲಿಸದೆ, ಯಾವ ಆಟ, ಅದರಲ್ಲಿ ಬೆನ್ನಟ್ಟುವುದು ಎಂಥ ಭೂತ, ಸೋತಾಗ ಮಗು ನಗುತ್ತದೆಯೋ ಅಳುತ್ತದೆಯೋ ಸುಮ್ಮನಾಗುತ್ತದೆಯೋ ಎಂಬುದನ್ನೂ ತಿಳಿಸಿದರೆ ಅವರಿಗೆ ಬಹಳ ಅನುಕೂಲವಾಗುತ್ತದೆ.